ಪಾಠದಲ್ಲಿ ಮನಸ್ಸು ನಿಲ್ಲದ ಹುಡುಗ: ಆರ್. ಕೆ. ನಾರಾಯಣ್



ಶಾಲೆ ಶುರುವಾಗಿ ಮೊದಲ ಕಿರುಪರೀಕ್ಷೆ ಮುಗಿದ ಮೇಲೆ ನಮ್ಮ ಉತ್ತರಹಳ್ಳಿಯ ಯಾವುದಾದರೂ ಶಾಲೆಯ ಪೋಷಕರ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಒಂದು ಮಾತು ನಿಮಗೆ ಮತ್ತೆ ಮತ್ತೆ ಕೇಳಿಸುತ್ತದೆ. ಹುಡುಗ ದಡ್ಡನಲ್ಲ, ಆದರೆ ಪಾಠದ ಕಡೆ ಗಮನವಿಲ್ಲ. ಕೂತಲ್ಲಿ ಕೂರುವುದಿಲ್ಲ, ಪಕ್ಕದವನನ್ನೂ ಕೂರಲು ಬಿಡುವುದಿಲ್ಲ. ಅರ್ಧ ದಿನ ರಜೆ ಹಾಕಿ ಬಂದ ತಂದೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾರೆ. ತಾಯಿ ಮಗನ ಕಡೆ ಕಣ್ಣು ಬಿಡುತ್ತಾರೆ. ಗೇಟಿನ ಹೊರಗೆ ಬಂದ ಮೇಲೆ ಹುಡುಗನ ಬೆನ್ನಿಗೆ ಒಂದು ಏಟು ಬೀಳುತ್ತದೆ, ಸಂಜೆಯ ಹೊತ್ತಿಗೆ ಇನ್ನೊಂದು ಟ್ಯೂಷನ್ ಗೊತ್ತಾಗಿರುತ್ತದೆ. ಆ ಹುಡುಗನ ಮನಸ್ಸು ಪಾಠದಲ್ಲಿ ಇಲ್ಲದಿದ್ದರೆ ಮತ್ತೆಲ್ಲಿ ಇತ್ತು ಎಂದು ಕೇಳುವವರು ಅಪರೂಪ.

ಇಂಥ ಸಂಚಿಕೆಗಳಲ್ಲಿ ನೀವು ಸಾಮಾನ್ಯವಾಗಿ ಮಹಾನ್ ವಿದ್ವಾಂಸರ ಜೀವನಚರಿತ್ರೆ ಓದುತ್ತೀರಿ. ಮೌಲಾನಾ ಆಜಾದ್ ಅವರಂತೆ ಚಿಕ್ಕ ವಯಸ್ಸಿನಲ್ಲೇ ಪಂಡಿತರೆನಿಸಿಕೊಂಡವರ ಕಥೆ ಓದಿದರೆ ಮೊದಲ ಬೆಂಚಿನವರಿಗೆ ಉತ್ಸಾಹ ಬರುತ್ತದೆ, ನಿಜ. ಕೊನೆಯ ಬೆಂಚಿನವರಿಗೆ ಏನು ಬರುತ್ತದೆ ಎಂಬುದು ನನಗೆ ಸದಾ ಇರುವ ಅನುಮಾನ. ಆದ್ದರಿಂದ ಈ ಸಲ ಓದಿನಲ್ಲಿ ಹಿಂದೆ ಬಿದ್ದ, ಪರೀಕ್ಷೆಯಲ್ಲಿ ನಪಾಸಾದ, ಮುಂದೆ ಮೇಷ್ಟ್ರಾಗಲು ಹೋಗಿ ಅಲ್ಲಿಯೂ ನಿಲ್ಲಲಾರದೆ ಬಂದ ಒಬ್ಬರ ಜೀವನವನ್ನು ನಿಮ್ಮ ಮುಂದಿಡುತ್ತೇನೆ. ಅವರು ತೀರಿಕೊಂಡಾಗ ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹುಟ್ಟಿಯೇ ಇರಲಿಲ್ಲ. ಆದರೂ ಹೆಸರು ನಿಮಗೆ ಗೊತ್ತು. ಶಂಕರ್‌ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರೀಕರಿಸಿದ ಮಾಲ್ಗುಡಿ ಡೇಸ್ ಧಾರಾವಾಹಿಯನ್ನು ನಿಮ್ಮ ಅಬ್ಬಾ ಅಮ್ಮಿಯಂತೂ ನೋಡಿಯೇ ಇರುತ್ತಾರೆ. ಅದರ ಕಥೆಗಳನ್ನು ಬರೆದವರು ಆರ್. ಕೆ. ನಾರಾಯಣ್.

ರಾಸೀಪುರಂ ಕೃಷ್ಣಸ್ವಾಮಿ ಅಯ್ಯರ್ ನಾರಾಯಣಸ್ವಾಮಿ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದರಾಸಿನಲ್ಲಿ. ತಂದೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಹೆಡ್‌ಮಾಸ್ಟರು. ಊರಿಂದೂರಿಗೆ ವರ್ಗವಾಗುತ್ತಿದ್ದ ಕೆಲಸ, ಮನೆಯಲ್ಲಿ ಸಾಲು ಮಕ್ಕಳು. ಹೀಗಾಗಿ ನಾರಾಯಣ್ ಬೆಳೆದದ್ದು ಮದರಾಸಿನ ಪುರಸವಾಕ್ಕಂನಲ್ಲಿ, ತಾಯಿಯ ತಾಯಿಯ ಹತ್ತಿರ. ಆ ಮನೆಯಲ್ಲಿ ಅವರ ಜೊತೆಗಾರರೆಂದರೆ ಒಂದು ನವಿಲು, ಒಂದು ಕೋತಿ. ಅಜ್ಜಿ ಸಂಜೆ ಹೊತ್ತು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದರು, ಪುರಾಣದ ಕಥೆ ಹೇಳುತ್ತಿದ್ದರು, ಶ್ಲೋಕ ಸಂಗೀತ ಕಲಿಸುತ್ತಿದ್ದರು. ಅಜ್ಜಿಯ ಪಾಠ ತಲೆಗೆ ಹತ್ತಿತು, ಶಾಲೆಯ ಪಾಠ ಹತ್ತಲಿಲ್ಲ.

ಸೇರಿಸಿದ್ದು ಲುಥೆರನ್ ಮಿಷನ್ ಶಾಲೆಗೆ. ತರಗತಿಯಲ್ಲಿ ಆ ಜಾತಿಯ ಹುಡುಗ ಇವರೊಬ್ಬರೇ. ಧರ್ಮಪಾಠದ ಮೇಷ್ಟ್ರು ಪಾಠದ ನಡುವೆ ಹುಡುಗನ ಮನೆಯ ದೇವರುಗಳನ್ನು ಹಾಸ್ಯ ಮಾಡುತ್ತಿದ್ದರು, ಉಳಿದ ಮಕ್ಕಳು ನಗುತ್ತಿದ್ದರು. ಈ ಮಾತನ್ನು ನಾನು ಬೇಕೆಂದೇ ಇಲ್ಲಿ ತರುತ್ತಿದ್ದೇನೆ. ತರಗತಿಯಲ್ಲಿ ತನ್ನವರು ಒಬ್ಬರೂ ಇಲ್ಲದೆ ಕುಳಿತ ಮಗುವಿನ ಮನಸ್ಥಿತಿ ನಮ್ಮ ಸಂಘದ ಸದಸ್ಯರಲ್ಲಿ ಹಲವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮನೆಯ ಬಗ್ಗೆ, ಉಡುಪಿನ ಬಗ್ಗೆ, ಡಬ್ಬಿಯಲ್ಲಿ ತಂದ ಊಟದ ಬಗ್ಗೆ ಯಾರು ಯಾವಾಗ ಏನೆನ್ನುತ್ತಾರೋ ಎಂದು ಕಿವಿ ನಿಮಿರಿಸಿ ಕೂತ ಮಗುವಿಗೆ ಭಾಗಾಕಾರದ ಕಡೆ ಗಮನ ಕೊಡಲು ಪುರಸೊತ್ತು ಎಲ್ಲಿಂದ ಬರಬೇಕು? ಮೇಷ್ಟ್ರ ಪುಸ್ತಕದಲ್ಲಿ ಮಾತ್ರ ಅದಕ್ಕೂ ಅದೇ ಷರಾ: ಗಮನವಿಲ್ಲ.

ಮುಂದೆ ತಂದೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ಹೆಡ್‌ಮಾಸ್ಟರಾದಾಗ ನಾರಾಯಣ್ ಅಲ್ಲಿಗೆ ಬಂದರು. ಅಪ್ಪನೇ ಹೆಡ್‌ಮಾಸ್ಟರು, ಅದೂ ಶಿಸ್ತಿಗೆ ಹೆಸರಾದವರು. ಮಗನಿಗೆ ಶಾಲೆಯಲ್ಲಿ ಸಿಕ್ಕ ಒಂದೇ ಒಂದು ಲಾಭವೆಂದರೆ ಲೈಬ್ರರಿಯ ಬಾಗಿಲು. ಡಿಕನ್ಸ್, ಹಾರ್ಡಿ, ವುಡ್‌ಹೌಸ್, ಷೆರ್ಲಾಕ್ ಹೋಮ್ಸನ ಕಥೆಗಳು, ಇಂಗ್ಲೆಂಡಿನಿಂದ ಬರುತ್ತಿದ್ದ ಮಾಸಪತ್ರಿಕೆಗಳು, ಎಲ್ಲವನ್ನೂ ಹುಡುಗ ಓದಿದ. ಓದಲು ಬೇಡವೆಂದದ್ದು ಪಠ್ಯಪುಸ್ತಕ ಮಾತ್ರ.

ಕಾಲೇಜು ಸೇರಲು ಬರೆಯಬೇಕಾದ ಪರೀಕ್ಷೆಯಲ್ಲಿ ಹೆಡ್‌ಮಾಸ್ಟರ ಮಗ ನಪಾಸಾದ. ನಪಾಸಾದದ್ದು ಇಂಗ್ಲಿಷಿನಲ್ಲಿ! ಮುಂದೆ ಇಂಗ್ಲಿಷಿನಲ್ಲೇ ಬರೆದು ಲೋಕದಲ್ಲೆಲ್ಲ ಹೆಸರಾದವರು ಎಂಬುದನ್ನು ನೆನೆದು ನಾವು ಇಂದು ನಗಬಹುದು. ಅಂದು ಆ ಮನೆಯಲ್ಲಿ ಯಾರೂ ನಕ್ಕಿರಲಾರರು. ಆದರೆ ಅಲ್ಲಿ ನಡೆದದ್ದು ಒಳ್ಳೆಯದೇ. ಮುಂದಿನ ಪರೀಕ್ಷೆಯವರೆಗೆ ಒಂದು ವರ್ಷ ಹುಡುಗ ಮನೆಯಲ್ಲಿದ್ದ. ಪುಸ್ತಕ ಹಿಡಿದು ಕುಕ್ಕರಹಳ್ಳಿ ಕೆರೆಯ ದಂಡೆಗೆ ಹೋಗುತ್ತಿದ್ದ, ಓದುತ್ತಿದ್ದ, ಬರೆಯಲು ಶುರುಮಾಡಿದ. ಗಂಟೆಗಟ್ಟಲೆ ಒಂದೇ ಕಡೆ ಕುಳಿತು ಓದುವ ಈ ಹುಡುಗನನ್ನು ಗಮನವಿಲ್ಲದವನೆಂದು ಹೇಗೆ ಕರೆಯುವುದು? ಗಮನ ಬೇಕಾದಷ್ಟಿತ್ತು. ಶಾಲೆ ಕೇಳಿದ ಕಡೆಗೆ ಅದು ಬರಲಿಲ್ಲ, ಅಷ್ಟೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಪೋಷಕರೂ ಶಿಕ್ಷಕರೂ ಒಂದು ಗಳಿಗೆ ನಿಂತು ಯೋಚಿಸಬೇಕು.

ಎರಡನೆಯ ಸಲ ಪಾಸಾಗಿ 1926ರಲ್ಲಿ ಮಹಾರಾಜಾ ಕಾಲೇಜು ಸೇರಿದರು. ಬಿ.ಎ. ಪದವಿಗೆ ಬೇರೆಯವರಿಗಿಂತ ಒಂದು ವರ್ಷ ಹೆಚ್ಚೇ ಹಿಡಿಯಿತು, 1930ರಲ್ಲಿ ಮುಗಿಯಿತು. ಎಂ.ಎ. ಮಾಡುವ ಯೋಚನೆ ಇತ್ತು. ಸಾಹಿತ್ಯವನ್ನು ಪರೀಕ್ಷೆಗಾಗಿ ಓದಿದರೆ ಅದರ ಮೇಲಿನ ಪ್ರೀತಿಯೇ ಹೋದೀತೆಂದು ಸ್ನೇಹಿತರೊಬ್ಬರು ಹೇಳಿದ್ದನ್ನು ನೆಪ ಮಾಡಿಕೊಂಡು ಅದನ್ನೂ ಕೈಬಿಟ್ಟರು.

ಮುಂದಿನ ಘಟನೆಯನ್ನು ಶಿಕ್ಷಕರು ಗಮನವಿಟ್ಟು ಓದಬೇಕೆಂದು ನನ್ನ ಕೋರಿಕೆ. ಪದವಿ ಪಡೆದ ಮಗನಿಗೆ ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಹೆಡ್‌ಮಾಸ್ಟರ ಮಗ ಮೇಷ್ಟ್ರಾಗುವುದರಲ್ಲಿ ಮನೆಯವರಿಗೆ ಆಶ್ಚರ್ಯವೇನೂ ಇರಲಿಲ್ಲ. ನಾರಾಯಣ್ ಹೋದರು, ತರಗತಿಯಲ್ಲಿ ನಿಂತರು. ತಾವು ಬಾಲ್ಯವಿಡೀ ಕುಳಿತಿದ್ದ ಬೆಂಚುಗಳನ್ನು ಈಗ ಎದುರಿನಿಂದ ನೋಡಿದರು. ಪಾಠ ಹತೋಟಿಗೆ ಬರಲಿಲ್ಲ, ಕೆಲಸ ಒಗ್ಗಲಿಲ್ಲ. ಡ್ರಿಲ್ ಮೇಷ್ಟ್ರ ಬದಲಿಗೆ ಮಕ್ಕಳಿಗೆ ಕವಾಯತು ಮಾಡಿಸಬೇಕೆಂದು ಹೇಳಿದಾಗ ಅದು ತನ್ನಿಂದಾಗದೆಂದು ಮೈಸೂರಿಗೆ ಮರಳಿದರು. ಮನೆಯವರು ಬುದ್ಧಿ ಹೇಳಿ ಮತ್ತೆ ಕಳುಹಿಸಿದರು. ಮತ್ತೆ ಕೆಲವೇ ದಿನ. ಎರಡನೆಯ ಸಲ ಬಿಟ್ಟು ಬಂದವರು ಯಾವ ಶಾಲೆಯ ಹಾಜರಿ ಪುಸ್ತಕಕ್ಕೂ ತಿರುಗಿ ಸಹಿ ಹಾಕಲಿಲ್ಲ.

ಇದನ್ನು ಅವರ ಹೆಗ್ಗಳಿಕೆ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬೇಸರವಾದೊಡನೆ ಕೆಲಸ ಬಿಟ್ಟು ಬರುವ ಸೌಕರ್ಯ ಎಲ್ಲರಿಗೂ ಇರುವುದಿಲ್ಲ. ತಿಂಗಳ ಸಂಬಳ ನಂಬಿಕೊಂಡ ಮೇಷ್ಟ್ರು ಸೋಮವಾರ ಬೆಳಿಗ್ಗೆ ಅದೇ ತರಗತಿಗೆ ಹೋಗಲೇಬೇಕು. ಆದರೆ ಒಂದು ಮಾತು ಒಪ್ಪಬೇಕು. ನಲವತ್ತು ಐವತ್ತು ಮಕ್ಕಳನ್ನು ಒಂದು ಗಂಟೆ ಹಿಡಿದು ಕೂರಿಸುವುದು ಎಷ್ಟು ಕಷ್ಟವೆಂಬುದು ನಾರಾಯಣ್ ಅವರಿಗೆ ಅನುಭವದಿಂದ ಗೊತ್ತಿತ್ತು. ಅವರ ಕಥೆಗಳಲ್ಲಿ ಮೇಷ್ಟ್ರುಗಳು ಬರೀ ರಾಕ್ಷಸರಾಗಿ ಬರದಿರಲು ಇದೂ ಒಂದು ಕಾರಣವಿರಬೇಕು.

ಅದೇ ದಿನಗಳಲ್ಲಿ ಅವರು ಬೆಂಗಳೂರಿನಲ್ಲಿ ಅಜ್ಜಿಯ ಹತ್ತಿರ ಇದ್ದಾಗ, ಸೆಪ್ಟೆಂಬರ್ ತಿಂಗಳಲ್ಲಿ ಅಜ್ಜಿಯೇ ನೋಡಿಕೊಟ್ಟ ಒಂದು ಒಳ್ಳೆಯ ದಿನ ನೋಟ್‌ಪುಸ್ತಕ ಕೊಂಡು ಕಾದಂಬರಿ ಬರೆಯಲು ಕುಳಿತರು. ಮೊದಲು ಕಣ್ಣಿಗೆ ಕಟ್ಟಿದ್ದು ಒಂದು ಸಣ್ಣ ರೈಲ್ವೆ ಸ್ಟೇಷನ್. ಮಾಲ್ಗುಡಿ ಎಂಬ ಹೆಸರು ತಾನಾಗಿ ಹೊಳೆಯಿತು. ಮಲ್ಲೇಶ್ವರದ ಮೊದಲೂ ಬಸವನಗುಡಿಯ ಕೊನೆಯೂ ಸೇರಿ ಮಾಲ್ಗುಡಿಯಾಯಿತೆಂದು ನಮ್ಮ ಕಡೆ ಅಭಿಮಾನದಿಂದ ಹೇಳುವುದುಂಟು. ಬಸವನಗುಡಿ ನಮಗೆ ಹತ್ತಿರವಾದ್ದರಿಂದ ನಂಬಲು ಆಸೆಯಾಗುತ್ತದೆ, ಆದರೆ ಅದು ಜನ ಕಟ್ಟಿದ ಮಾತು.

ಆ ಕಾದಂಬರಿಯೇ ಸ್ವಾಮಿ ಅಂಡ್ ಫ್ರೆಂಡ್ಸ್. ಪ್ರಕಾಶಕರೊಬ್ಬರೂ ಮುಟ್ಟಲಿಲ್ಲ. ಹಸ್ತಪ್ರತಿ ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯರೊಬ್ಬರ ಕೈಗೆ ಹೋಯಿತು. ಬೇಸತ್ತ ನಾರಾಯಣ್ ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡಲು ಬರೆದರು. ಗೆಳೆಯ ಹಾಗೆ ಮಾಡದೆ ಲೇಖಕ ಗ್ರಹಾಂ ಗ್ರೀನ್‌ಗೆ ತೋರಿಸಿದರು. ಗ್ರೀನ್ ಅವರ ಶಿಫಾರಸಿನಿಂದ 1935ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಹೊರಬಂತು.

ಈ ಪುಸ್ತಕವನ್ನು ಮಕ್ಕಳ ತಮಾಷೆಯ ಕಥೆಯೆಂದು ಓದಿ ಬದಿಗಿಡುತ್ತೇವೆ. ಇನ್ನೊಮ್ಮೆ ತೆಗೆದು ನೋಡಿ. ಸ್ವಾಮಿಯ ತಂದೆ ರಜೆಯ ದಿನ ಮಗನನ್ನು ಕೂರಿಸಿಕೊಂಡು ಒಂದು ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ 10 ಮಾವಿನಹಣ್ಣು ಇವೆ, 15 ಆಣೆಗೆ ಮಾರಬೇಕೆಂದಿದ್ದಾನೆ. ಕೃಷ್ಣನಿಗೆ 4 ಹಣ್ಣು ಬೇಕು. ಕೃಷ್ಣ ಎಷ್ಟು ಕೊಡಬೇಕು? ಸ್ವಾಮಿ ಲೆಕ್ಕ ನೋಡುತ್ತಾನೆ, ಬಾಯಲ್ಲಿ ನೀರೂರುತ್ತದೆ. ರಾಮ ಯಾಕೆ 15 ಆಣೆ ಎಂದು ನಿಗದಿ ಮಾಡಿದ? ಅವನೆಂಥ ಮನುಷ್ಯ? ಕೃಷ್ಣನಿಗೆ ಹಣ್ಣು ಅಷ್ಟೊಂದು ಬೇಕಾಗಿತ್ತೆ, ಪಾಪ, ಕಾಯಿಲೆಯವನಿರಬಹುದೆ? ಕಡೆಗೆ ಅಪ್ಪನ ಹತ್ತಿರ ಹೋಗಿ ಆ ಹಣ್ಣುಗಳು ಮಾಗಿದ್ದವೇ ಎಂದು ಕೇಳುತ್ತಾನೆ. ಮಾರುಕಟ್ಟೆಗೆ ಹೋದವರಾರೂ ಕೇಳದೆ ಬಿಡುವ ಪ್ರಶ್ನೆಯೇ ಅದು? ಅಪ್ಪ ನಗು ತಡೆದುಕೊಂಡು ಕಿವಿ ಹಿಂಡುತ್ತಾರೆ. ಕೊನೆಗೂ 6 ಆಣೆ ಎಂಬ ಉತ್ತರ ಬರುತ್ತದೆ, ಅದರ ಜೊತೆಗೇ ಅಳುವೂ ಬರುತ್ತದೆ.

ಈ ಒಂದು ಪುಟದಲ್ಲಿರುವಷ್ಟು ವಿಷಯ ಎಷ್ಟೋ ತರಬೇತಿ ಶಿಬಿರಗಳಲ್ಲಿ ಸಿಗುವುದಿಲ್ಲ. ಹುಡುಗನ ಮನಸ್ಸು ಲೆಕ್ಕದಿಂದ ದೂರ ಹೋಗಿರಲಿಲ್ಲ. ಲೆಕ್ಕದ ಒಳಗೇ, ಅಪ್ಪ ಬಯಸಿದ್ದಕ್ಕಿಂತ ಹೆಚ್ಚು ಆಳಕ್ಕೆ ಹೋಗಿತ್ತು. ಹಣ್ಣು ಮಾಗಿತ್ತು ಎಂದು ಒಂದು ಮಾತಿನಲ್ಲಿ ಉತ್ತರ ಕೊಟ್ಟು, ಒಂದು ಹಣ್ಣಿಗೆ ಎಷ್ಟಾಯಿತು ನೋಡೋಣ ಎಂದಿದ್ದರೆ ಕಿವಿ ಹಿಂಡುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಸ್ವಾಮಿಯ ಪುಂಡಾಟವನ್ನು ನಾರಾಯಣ್ ಮುಚ್ಚಿಡುವುದಿಲ್ಲ. ಕಾದಂಬರಿಯಲ್ಲಿ 1930ರ ಆಗಸ್ಟಿನ ಒಂದು ಹರತಾಳದ ದಿನ ಗುಂಪಿನ ಜೊತೆ ಸೇರಿ ಹೆಡ್‌ಮಾಸ್ಟರ ಕೊಠಡಿಯ ಗಾಜು ಒಡೆಯುತ್ತಾನೆ. ಮರುದಿನ ಬೆತ್ತ ಎತ್ತಿದಾಗ ಅದನ್ನು ಕಿತ್ತು ಮುರಿದು ಶಾಲೆಯಿಂದಲೇ ಓಡುತ್ತಾನೆ. ಹೊಸ ಶಾಲೆ ಸೇರುತ್ತಾನೆ. ಅಲ್ಲಿ ಕ್ರಿಕೆಟ್ ಅಭ್ಯಾಸಕ್ಕೆ ಹೋಗಬೇಕಾದ ಹೊತ್ತಿನಲ್ಲಿ ಡ್ರಿಲ್ ಇಟ್ಟಿದ್ದಾರೆ. ತಪ್ಪಿಸಿಕೊಂಡು ಸಿಕ್ಕಿಬೀಳುತ್ತಾನೆ, ಮತ್ತೆ ಬೆತ್ತ ಕಿತ್ತೆಸೆದು ಈ ಸಲ ಊರನ್ನೇ ಬಿಟ್ಟು ಓಡಿ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಎರಡನೆಯ ಶಾಲೆ ತಪ್ಪಿದ್ದು ಡ್ರಿಲ್ಲಿನಿಂದ ಎಂಬುದನ್ನು ಗಮನಿಸಿ, ಚನ್ನಪಟ್ಟಣವನ್ನು ನೆನಪಿಸಿಕೊಳ್ಳಿ. ಕವಾಯತು ಮಾಡಿಸಲಾರದ ಮೇಷ್ಟ್ರು, ಕವಾಯತು ಮಾಡಲಾರದ ಹುಡುಗ. ಲೇಖಕರು ಇಬ್ಬರ ಕಡೆಯೂ ನಿಂತವರು.

ಅವರದೇ ಇನ್ನೊಂದು ಕಥೆ ಫಾದರ್ಸ್ ಹೆಲ್ಪ್. ಸೋಮವಾರ ಶಾಲೆ ತಪ್ಪಿಸಲು ಸ್ವಾಮಿ ತಲೆನೋವೆಂದು ಮಲಗುತ್ತಾನೆ. ತಂದೆ ಹೊರಡಿಸಿದಾಗ, ತಡವಾಗಿ ಹೋದರೆ ಸ್ಯಾಮ್ಯುಯೆಲ್ ಮೇಷ್ಟ್ರು ಚರ್ಮ ಸುಲಿಯುವಂತೆ ಹೊಡೆಯುತ್ತಾರೆಂದು ಕತೆ ಕಟ್ಟುತ್ತಾನೆ. ತಂದೆ ನಂಬಿ ಹೆಡ್‌ಮಾಸ್ಟರಿಗೆ ದೂರು ಬರೆದು ಮಗನ ಕೈಯಲ್ಲೇ ಕೊಡುತ್ತಾರೆ. ದಾರಿಯಲ್ಲಿ ಹುಡುಗನಿಗೆ ಮನಸ್ಸು ಚುಚ್ಚುತ್ತದೆ, ಮೇಷ್ಟ್ರು ಅಷ್ಟೇನೂ ಕೆಟ್ಟವರಲ್ಲ. ಈಗ ಉಳಿದ ದಾರಿ ಒಂದೇ: ಮೇಷ್ಟ್ರಿಂದ ಹೊಡೆಸಿಕೊಂಡು ತನ್ನ ಸುಳ್ಳನ್ನು ನಿಜ ಮಾಡುವುದು. ದಿನವಿಡೀ ಕೀಟಲೆ ಮಾಡಿ ಕಡೆಗೆ ಏಟು ತಿಂದು ಸಂತೋಷದಿಂದ ಪತ್ರ ಕೊಡಲು ಓಡಿದರೆ ಹೆಡ್‌ಮಾಸ್ಟರು ರಜೆಯ ಮೇಲಿದ್ದಾರೆ. ಅವರ ಬದಲು ಪತ್ರ ತೆಗೆದುಕೊಳ್ಳಬೇಕಾದವರು ಸ್ಯಾಮ್ಯುಯೆಲ್ ಮೇಷ್ಟ್ರೇ!

ಓದಿ ನಕ್ಕ ಮೇಲೆ ನನಗೆ ನೆನಪಾದದ್ದು ಇಬ್ನ್ ಖಲ್ದೂನ್. 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿ 1406ರಲ್ಲಿ ಕೈರೋದಲ್ಲಿ ತೀರಿಕೊಂಡ ಈ ಇತಿಹಾಸಕಾರ ತಮ್ಮ ಮುಖದ್ದಿಮಾ ಗ್ರಂಥದಲ್ಲಿ ವಿದ್ಯಾರ್ಥಿಗಳ ಮೇಲಿನ ಕಠೋರತೆಯ ಬಗ್ಗೆಯೇ ಒಂದು ಅಧ್ಯಾಯ ಬರೆದಿದ್ದಾರೆ. ದಂಡನೆಯ ಭಯದಲ್ಲಿ ಬೆಳೆದ ಮಗುವಿನ ಉತ್ಸಾಹ ಕುಗ್ಗುತ್ತದೆ, ಸೋಮಾರಿತನ ಬರುತ್ತದೆ, ಏಟು ತಪ್ಪಿಸಿಕೊಳ್ಳಲು ಅದು ಸುಳ್ಳನ್ನೂ ಕಪಟವನ್ನೂ ಕಲಿಯುತ್ತದೆ, ಕಡೆಗೆ ಅದೇ ಸ್ವಭಾವವಾಗುತ್ತದೆ ಎಂಬುದು ಅವರ ವಾದ. ಒಂದು ವಿಷಯ ನಾಟುವ ಮೊದಲೇ ಅದರೊಡನೆ ಇನ್ನೊಂದನ್ನು ಬೆರೆಸಿ ಕಲಿಸಬಾರದೆಂದೂ ಹೇಳುತ್ತಾರೆ. ಶಿಕ್ಷೆಯೇ ಕೂಡದೆಂದು ಅವರು ಹೇಳಲಿಲ್ಲ, ಅದಕ್ಕೆ ಬಿಗಿಯಾದ ಮಿತಿ ಹಾಕಿದರು. ಆರು ಶತಮಾನದ ಹಿಂದೆ ಹೇಳಿದ ಈ ಮಾತನ್ನು ನಮ್ಮವರದೆಂದು ಹೆಮ್ಮೆಯಿಂದ ಭಾಷಣಗಳಲ್ಲಿ ಹೇಳುತ್ತೇವೆ. ಬೆತ್ತ ಮಾತ್ರ ನಮ್ಮ ಎಷ್ಟೋ ಶಾಲೆ, ಮದ್ರಸಾಗಳ ಮೂಲೆಯಲ್ಲಿ ಬಹುಕಾಲ ಹಾಗೆಯೇ ಒರಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ತನ್ನ 17ನೆಯ ಸೆಕ್ಷನ್ನಿನಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಹಾಗೆಂದು ಹೊಡೆಯುವುದನ್ನು ನಿಲ್ಲಿಸಿದೊಡನೆ ತರಗತಿ ಸರಿಯಾಗುತ್ತದೆಯೆ? ನಾರಾಯಣ್ ಅಷ್ಟು ಸುಲಭವಾಗಿ ಬಿಡುವವರಲ್ಲ. ಕ್ರೈಮ್ ಅಂಡ್ ಪನಿಶ್‌ಮೆಂಟ್ ಎಂಬ ಅವರ ಸಣ್ಣ ಕಥೆಯಲ್ಲಿ ಮನೆಪಾಠದ ಮೇಷ್ಟ್ರು 16ನ್ನು 3ರಿಂದ ಗುಣಿಸಲು ಕೇಳುತ್ತಾರೆ. ಹುಡುಗ 24 ಎನ್ನುತ್ತಾನೆ. ತಾಳ್ಮೆ ತಪ್ಪಿ ಕೆನ್ನೆಗೆ ಒಂದು ಬಿಡುತ್ತಾರೆ. ತಂದೆತಾಯಿಯರು ಮಗುವನ್ನು ಮುಟ್ಟಕೂಡದೆನ್ನುವವರು. ಹೇಳಿಬಿಡುತ್ತೇನೆಂದು ಹುಡುಗ ಹೆದರಿಸತೊಡಗುತ್ತಾನೆ. ಆಮೇಲೆ ಪಾಠವಿಲ್ಲ, ಹುಡುಗ ಹೇಳಿದಂತೆ ಮೇಷ್ಟ್ರು ರೈಲಾಟ ಆಡಬೇಕು. ಮನೆಯವರ ಮುದ್ದು, ಹುಡುಗನ ಜಾಣತನ, ಮೇಷ್ಟ್ರ ತಿಂಗಳ ಸಂಬಳ, ಈ ಮೂರೂ ಸೇರಿದ ಗಂಟನ್ನು ಬಿಚ್ಚಿ ತೋರಿಸಿದ ಇಂಥ ಕಥೆ ಇನ್ನೊಂದಿಲ್ಲ. ಟ್ಯೂಷನ್ ಹೇಳಿಕೊಡುವ ನಮ್ಮ ಪದವಿ ವಿದ್ಯಾರ್ಥಿಗಳು ಇದನ್ನು ಓದಲೇಬೇಕು.

ಇನ್ನು ಅವರ ಬಾಳಿನ ಕತ್ತಲೆಯ ಭಾಗಕ್ಕೆ ಬರೋಣ. ಪ್ರೀತಿಸಿ ಮದುವೆಯಾದ ರಾಜಂ 1939ರಲ್ಲಿ ಟೈಫಾಯ್ಡ್ ಜ್ವರದಿಂದ ತೀರಿಕೊಂಡರು. ಕೈಯಲ್ಲಿ ಇನ್ನೂ ಶಾಲೆಗೆ ಹೋಗದ ವಯಸ್ಸಿನ ಮಗಳು. ನಾರಾಯಣ್ ಬಹಳ ದಿನ ಏನನ್ನೂ ಬರೆಯಲಾಗದೆ ಕುಳಿತರು. ಮರುಮದುವೆಯಾಗಲಿಲ್ಲ. ಆ ದುಃಖದಿಂದ ಹೊರಬಂದದ್ದು 1945ರ ಕಾದಂಬರಿ ದಿ ಇಂಗ್ಲಿಷ್ ಟೀಚರ್. ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಕೃಷ್ಣನ ಹೆಂಡತಿ ಟೈಫಾಯ್ಡಿನಿಂದ ಸಾಯುತ್ತಾಳೆ, ಉಳಿದದ್ದು ಪುಟ್ಟ ಮಗಳು. ಈ ಭಾಗವನ್ನು ಅವರು ತಮ್ಮ ಬಾಳಿನಿಂದಲೇ ಎತ್ತಿಕೊಂಡರು.

ಅದರಲ್ಲಿ ಒಬ್ಬ ವಿಚಿತ್ರ ಹೆಡ್‌ಮಾಸ್ಟರು ಬರುತ್ತಾರೆ. ಚಿಕ್ಕ ಮಕ್ಕಳಿಗೆ ಮಾತ್ರ ಶಾಲೆ ನಡೆಸುತ್ತಾರೆ. ಗೋಡೆಯ ತುಂಬ ಮಕ್ಕಳೇ ಮಾಡಿದ ಬಣ್ಣದ ಕಾಗದ, ಬೊಂಬೆ. ಕಥೆ ಹೇಳುವುದೇ ಅಲ್ಲಿ ಮುಖ್ಯ ಪಾಠ. ಮಕ್ಕಳನ್ನು ಅವರ ಪಾಡಿಗೆ ಬಿಡುವುದೇ ತಮ್ಮ ಪದ್ಧತಿ ಎನ್ನುತ್ತಾರೆ. ಮಗಳನ್ನು ಬಿಡಲು ಹೋದ ಕೃಷ್ಣ ಅಲ್ಲೇ ಕುಳಿತು ನೋಡತೊಡಗುತ್ತಾನೆ, ಕಡೆಗೆ ಕಾಲೇಜಿನ ಸಂಬಳದ ಕೆಲಸ ಬಿಟ್ಟು ಆ ಶಾಲೆ ಸೇರುತ್ತಾನೆ. ಚನ್ನಪಟ್ಟಣದಿಂದ ಓಡಿಬಂದವರು ಕಾದಂಬರಿಯಲ್ಲಿ ತಾವಾಗಿಯೇ ತರಗತಿಗೆ ಮರಳಿದ್ದು ಹೀಗೆ.

ಈ ಪದ್ಧತಿಯನ್ನು ನಾನು ಪೂರ್ತಿ ಒಪ್ಪಲಾರೆ. ಹತ್ತು ಹದಿನೈದು ಪುಟಾಣಿಗಳಿದ್ದಲ್ಲಿ ಅದು ನಡೆದೀತು. ಎಸ್ಸೆಸ್ಸೆಲ್ಸಿಯ ಅಂಚಿನಲ್ಲಿರುವ ಅರವತ್ತು ಮಕ್ಕಳ ತರಗತಿಯಲ್ಲಿ ಅವರ ಪಾಡಿಗೆ ಬಿಟ್ಟರೆ ನಷ್ಟವಾಗುವುದು ಮನೆಯಲ್ಲಿ ಓದಿಸುವವರಿಲ್ಲದ ಮಗುವಿಗೇ. ಆದರೆ ಆ ಹೆಡ್‌ಮಾಸ್ಟರು ಬಿಡುತ್ತಿದ್ದರೇ ಹೊರತು ಮರೆಯುತ್ತಿರಲಿಲ್ಲ, ಪ್ರತಿ ಮಗುವನ್ನೂ ನೋಡುತ್ತಿದ್ದರು. ಇದಕ್ಕೆ ಹೋಲುವ ಒಂದು ಸಂಗತಿ ನಮ್ಮಲ್ಲೇ ಇದೆ. ಲೆಕ್ಕದ ಪಿರಿಯಡ್ಡಿನಲ್ಲಿ ಹತ್ತು ನಿಮಿಷ ಕೂರದ ಹುಡುಗ ಹಿಫ್ಜ್ ತರಗತಿಯಲ್ಲಿ ಗಂಟೆಗಟ್ಟಲೆ ಕೂತದ್ದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅಲ್ಲಿ ಉಸ್ತಾದರು ಒಬ್ಬೊಬ್ಬನನ್ನೇ ಎದುರಿಗೆ ಕೂರಿಸಿಕೊಂಡು ಅವನ ಅಂದಿನ ಸಬಕ್ ಕೇಳುತ್ತಾರೆ. ತನ್ನ ಸರದಿ ಬರುತ್ತದೆ, ತನ್ನನ್ನು ಕೇಳುತ್ತಾರೆ ಎಂಬುದು ಹುಡುಗನಿಗೆ ಗೊತ್ತಿರುತ್ತದೆ. ದೊಡ್ಡ ತರಗತಿಯ ಕೊನೆಯ ಬೆಂಚಿಗೆ ಆ ಸರದಿ ಎಷ್ಟೋ ಸಲ ಬರುವುದೇ ಇಲ್ಲ.

ನಾರಾಯಣ್ ಅವರ ಕಾಲದಲ್ಲಿ ಸಾಮಾನ್ಯರಿಗೆ ತಿಳಿಯದಿದ್ದ ಇನ್ನೊಂದು ವಿಷಯವೂ ಇದೆ. ಕೆಲವು ಮಕ್ಕಳಲ್ಲಿ ಗಮನದ ತೊಂದರೆ ಬರೀ ಬೇಸರದಿಂದ ಬಂದದ್ದಲ್ಲ. ಎ.ಡಿ.ಎಚ್.ಡಿ. ಎಂದು ವೈದ್ಯರು ಕರೆಯುವ ಈ ಸ್ಥಿತಿಯಲ್ಲಿ ಲಕ್ಷಣಗಳು 12 ವಯಸ್ಸಿಗೆ ಮೊದಲೇ ಕಾಣಿಸುತ್ತವೆ, ಆರು ತಿಂಗಳಿಗೂ ಹೆಚ್ಚು ಕಾಲ ಇರುತ್ತವೆ, ಶಾಲೆಯೊಂದರಲ್ಲೇ ಅಲ್ಲದೆ ಮನೆಯಲ್ಲೂ ಆಟದಲ್ಲೂ ತೊಂದರೆ ಕೊಡುತ್ತವೆ. ಅಂಥ ಮಗುವನ್ನು ಬೈದರೂ ಪ್ರಯೋಜನವಿಲ್ಲ, ಅದರ ಪಾಡಿಗೆ ಬಿಟ್ಟರೂ ಇಲ್ಲ. ಮುಂದಿನ ಸಾಲಿನಲ್ಲಿ ಕೂರಿಸುವುದು, ಕೆಲಸವನ್ನು ಸಣ್ಣ ತುಂಡು ಮಾಡಿ ಕೊಡುವುದು, ಒಮ್ಮೆಗೆ ಒಂದೇ ಸೂಚನೆ ಹೇಳುವುದು, ನಡುವೆ ಬೋರ್ಡ್ ಒರೆಸಲೋ ಪುಸ್ತಕ ಹಂಚಲೋ ಎಬ್ಬಿಸುವುದು, ಸರಿಯಾಗಿ ಮಾಡಿದ್ದನ್ನು ಆಗಲೇ ಹೇಳಿ ಮೆಚ್ಚುವುದು, ಇವು ಶಿಕ್ಷಕರ ಕೈಯಲ್ಲಿರುವ ಉಪಾಯಗಳು. ಇದರ ಮೇಲೆ ವೈದ್ಯರ ಸಲಹೆ ಬೇಕಾದೀತು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ಅಲ್ಲಿಗೆ ಹೋದರೆ ಮಗುವಿಗೆ ಹುಚ್ಚೆಂದು ಜನ ಅಂದುಕೊಳ್ಳುತ್ತಾರೆ ಎಂಬ ಹೆದರಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಆ ಹೆದರಿಕೆಯಿಂದ ಕಳೆದುಹೋಗುವ ವರ್ಷಗಳು ಮಗುವಿನವು. ಸ್ವಾಮಿಗೂ ನಾರಾಯಣ್ ಅವರಿಗೂ ಈ ಹೆಸರು ಅಂಟಿಸಲು ನಾನು ಹೊರಟಿಲ್ಲ. ಕೆರೆಯ ದಂಡೆಯಲ್ಲಿ ದಿನವಿಡೀ ಓದಿದ ಹುಡುಗನ ಸಂಗತಿಯೇ ಬೇರೆ.

ಅಣ್ಣನ ಶಾಲಾಜೀವನ ಹೀಗಾದರೆ ತಮ್ಮ, ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರದು ಸ್ವಲ್ಪ ಅದೃಷ್ಟ. ಚಿಕ್ಕವರಿದ್ದಾಗ ಮೇಷ್ಟ್ರೊಬ್ಬರು ತರಗತಿಗೆಲ್ಲ ಒಂದು ಎಲೆ ಬರೆಯಲು ಹೇಳಿದರು. ಲಕ್ಷ್ಮಣ್ ಬರೆದ ಅರಳಿ ಎಲೆಯನ್ನು ನೋಡಿ ಮೆಚ್ಚಿ ಹತ್ತಕ್ಕೆ ಹತ್ತು ಕೊಟ್ಟರು. ಆ ಮೆಚ್ಚುಗೆಯನ್ನು ಲಕ್ಷ್ಮಣ್ ಮುದುಕರಾದ ಮೇಲೂ ನೆನೆಯುತ್ತಿದ್ದರು. ಮೇಷ್ಟ್ರಿಗೆ ಅದಕ್ಕೆ ಹಿಡಿದದ್ದು ಅರ್ಧ ನಿಮಿಷವಿರಬೇಕು.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ದಿ ಗೈಡ್ 1958ರಲ್ಲಿ ಬಂತು, ಅದಕ್ಕೆ 1960ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು, 1964ರಲ್ಲಿ ಪದ್ಮಭೂಷಣ. 1986ರಲ್ಲಿ ರಾಷ್ಟ್ರಪತಿಗಳಿಂದ ರಾಜ್ಯಸಭೆಗೆ ನಾಮಕರಣಗೊಂಡರು. ಎಂಬತ್ತರ ಮುದುಕರು ದೇಶದ ಆ ಸಭೆಯಲ್ಲಿ ಏನು ಮಾತಾಡಿಯಾರೆಂದು ಎಲ್ಲರೂ ಕಾದರು. 1989ರಲ್ಲಿ ಎದ್ದು ನಿಂತು ಅವರು ಮಾತಾಡಿದ್ದು ಶಾಲೆಯ ಚೀಲದ ಬಗ್ಗೆ. ಬೆಳಿಗ್ಗೆ ಎದ್ದಾಗಿನಿಂದ ಮಗುವಿಗೆ ಶೂ, ಟೈ, ಸಮವಸ್ತ್ರದ ಗಡಿಬಿಡಿ. ಬೆನ್ನ ಮೇಲಿನ ಪುಸ್ತಕದ ಹೊರೆಯಿಂದ ಮಕ್ಕಳು ಚಿಂಪಾಂಜಿಯಂತೆ ಬಾಗಿ ಕೈ ಜೋಲು ಬಿಟ್ಟು ನಡೆಯುತ್ತಿವೆ. ಮನೆಗೆ ಬಂದರೆ ಮತ್ತೆ ಹೋಂವರ್ಕ್. ಆಟಕ್ಕೆ, ಕನಸು ಕಾಣಲಿಕ್ಕೆ ಹೊತ್ತೇ ಇಲ್ಲ. ಈ ಚೀಲವನ್ನೇ ರದ್ದುಮಾಡಿ ಎಂದು ಸಭೆಯನ್ನು ಕೇಳಿಕೊಂಡರು.

ಆ ಮಾತಿನ ಬಿಸಿ ಆರಲಿಲ್ಲ. 1992ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1993ರಲ್ಲಿ ಬಂದ ಅದರ ವರದಿಯ ಹೆಸರೇ ಹೊರೆಯಿಲ್ಲದ ಕಲಿಕೆ. ಚೀಲದ ತೂಕಕ್ಕಿಂತ ಅರ್ಥವಾಗದೆ ಉರುಹೊಡೆಯುವ ಹೊರೆಯೇ ದೊಡ್ಡದೆಂದು ಸಮಿತಿ ಕಂಡುಕೊಂಡಿತು. ನಮ್ಮ ಕರ್ನಾಟಕ ಸರ್ಕಾರ 2019ರಲ್ಲಿ ತರಗತಿವಾರು ತೂಕದ ಮಿತಿ ಹಾಕಿ ಆದೇಶಿಸಿತು. 2020ರ ರಾಷ್ಟ್ರೀಯ ಶಾಲಾಚೀಲ ನೀತಿಯ ಪ್ರಕಾರ ಚೀಲ ಮಗುವಿನ ತೂಕದ ಶೇ. 10ರಷ್ಟನ್ನು ಮೀರಬಾರದು. ಉತ್ತರಹಳ್ಳಿ ಮುಖ್ಯರಸ್ತೆಯಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನಿಂತು ನೋಡಿ, ಬೇಕಾದರೆ ನಿಮ್ಮ ಮನೆಯ ಮಗುವಿನ ಚೀಲವನ್ನೇ ಒಮ್ಮೆ ತಕ್ಕಡಿಗೆ ಹಾಕಿ.

ನಾರಾಯಣ್ 2001ರ ಮೇ 13ರಂದು ಚೆನ್ನೈನಲ್ಲಿ ತೀರಿಕೊಂಡರು. ಮೈಸೂರಿನ ಯಾದವಗಿರಿಯಲ್ಲಿ ಅವರು ಕಟ್ಟಿಸಿದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ, 2016ರಿಂದ ಸಾರ್ವಜನಿಕರಿಗೆ ತೆರೆದಿದೆ. ಶಾಲೆಯ ಪ್ರವಾಸಕ್ಕೆ ಮೈಸೂರಿಗೆ ಹೋದಾಗ ಅರಮನೆ, ಮೃಗಾಲಯದ ಜೊತೆಗೆ ಇಲ್ಲಿಗೂ ಒಂದು ಗಂಟೆ ಇಟ್ಟುಕೊಳ್ಳಿ. ಮನೆಯ ಮೇಲಂತಸ್ತಿನಲ್ಲಿ ಅವರು ಬರೆಯಲೆಂದೇ ಮಾಡಿಸಿಕೊಂಡ ಕೋಣೆಯಿದೆ. ಚಾಮುಂಡಿಬೆಟ್ಟ, ಊರಿನ ಗೋಪುರಗಳು, ದನಕರು ಮೇಯುವ ಬಯಲು, ಹಾದುಹೋಗುವ ರೈಲು, ಯಾವ ಕಡೆ ತಿರುಗಿದರೂ ಕಾಣಲೆಂದು ಆ ಒಂದು ಕೋಣೆಗೆ ಎಂಟು ಕಿಟಕಿ ಇಡಿಸಿದ್ದರು.